ಸೇತುವೆ ಮೇಲಿಂದ ನೋಡಿದ ಕೆಸರು

"ಸೊನ್ನೆ ಅಂದ್ರೆ ಏನು ಅಂತ ಗೊತ್ತಾ ನಿನಗೆ? ಹೋಗಿ, ಅಗೆದು, ಜಾಲಿಸಿ, ಏನೂ ಸಿಗದೆ ಬರಿಗೈಲಿ ಬಂದವನು ಹಾಕೋದು ಸೊನ್ನೆ. ನೀನು ಸೇತುವೆ ಮೇಲೆ ನಿಂತು ಚಹಾ ಕುಡಿದು ಬಂದೆ. ಅದಕ್ಕೆ ಬೇರೆ ಹೆಸರಿದೆ. ಅದನ್ನ ಹೇಳೋಕೆ ಮುಂಚೆ ಆ ಕಿಟಕಿ ಮುಚ್ಚಬೇಕು, ಬೀದೀಲಿ ಜನ ಓಡಾಡ್ತಿದ್ದಾರೆ."

ಜರಡಿಯಮ್ಮ ಎರಡೂ ಕೈ ಮೇಜಿನ ಮೇಲೆ ಊರಿ ನಿಂತಿದ್ದಳು. ಎದುರಿಗೆ ಮೀನುಗಳ ಲೆಕ್ಕ ಇಡುವ ಮೀನಿನವನು ಕುರ್ಚಿಯನ್ನು ಹಿಂದೆ ಹಿಂದೆ ಸರಿಸುತ್ತ ಗೋಡೆಗೆ ತಾಗಿಸಿಬಿಟ್ಟಿದ್ದ. ಇನ್ನು ಸರಿಯಲು ಜಾಗವಿರಲಿಲ್ಲ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಮೇಡಂ. ಆ ಕೆಸರಲ್ಲಿ ಕಾಲಿಟ್ಟರೆ ತೊಡೆ ತನಕ ಹೋಗುತ್ತೆ. ನನಗೂ ಹೆಂಡತಿ ಮಕ್ಕಳಿದ್ದಾರೆ."

"ಹೌದಾ? ಅವರನ್ನಾದ್ರೂ ಹತ್ತಿರ ಹೋಗಿ ಎಣಿಸಿದೀಯೋ, ಇಲ್ಲ ಅವರಿಗೂ ಸೊನ್ನೆ ಹಾಕಿದೀಯೋ?"

ಹಕ್ಕಿಗಳ ಲೆಕ್ಕ ಇಡುವವನು ಕೆಮ್ಮುವ ನೆಪದಲ್ಲಿ ನಕ್ಕ. ನಕ್ಷೆ ಬರೆಯುವ ಹೆಂಗಸು ಕಂಪ್ಯೂಟರಿನ ಹಿಂದೆ ತಲೆ ಅಡಗಿಸಿದಳು. ಮೇಜಿನ ತುದಿಯಲ್ಲಿ ಕೂತಿದ್ದ ಕಚೇರಿಯ ಮುಖ್ಯಸ್ಥ ಮಾತ್ರ ನಗಲಿಲ್ಲ. ಅವನು ಜರಡಿಯಮ್ಮನ ಒಡಹುಟ್ಟಿದ ಅಣ್ಣ. ಕಚೇರಿಯಲ್ಲಿ ಅವಳು ಅವನನ್ನು ಸರ್ ಎನ್ನುತ್ತಿದ್ದಳು, ನೀವು ಎನ್ನುತ್ತಿದ್ದಳು. ಸಿಟ್ಟು ನೆತ್ತಿಗೇರಿದಾಗ ಸರ್ ಹೋಗಿ ಅಣ್ಣ ಆಗುತ್ತಿತ್ತು, ನೀವು ಹೋಗಿ ನೀನು ಆಗುತ್ತಿತ್ತು. ಹಾಗಾಗಿ ಆ ಕಚೇರಿಯಲ್ಲಿ ಅವಳ ಸಿಟ್ಟು ಎಷ್ಟು ಡಿಗ್ರಿ ಏರಿದೆ ಎಂದು ತಿಳಿಯಲು ಯಾರೂ ಅವಳ ಮುಖ ನೋಡಬೇಕಾಗಿರಲಿಲ್ಲ.

"ಕೂತ್ಕೋ," ಎಂದ ಅಣ್ಣ.

"ಕೂರಲ್ಲ ಸರ್. ಮೊದಲು ಆ ಚೌಕದಲ್ಲಿ ಸೊನ್ನೆ ಅಳಿಸಿ ಅಡ್ಡಗೆರೆ ಹಾಕ್ಸಿ. ಆಮೇಲೆ ಕೂರ್ತೀನಿ. ಬೇಕಾದ್ರೆ ನೆಲದ ಮೇಲೆ ಕೂರ್ತೀನಿ."

ಗೋಡೆಯ ಮೇಲೆ ಆ ಕಚೇರಿಯ ಪಾಲಿಗೆ ಬಂದ ತೀರದ ನಕ್ಷೆ ನೇತಾಡುತ್ತಿತ್ತು. ದೇಶದ ಇಡೀ ಕಡಲಂಚಿನಲ್ಲಿ ಯಾವ ಜೀವ ಎಲ್ಲಿ ಬದುಕಿದೆ, ಯಾವ ಜಾಗ ಕಾಯಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂದು ಮೇಲಿನವರಿಗೆ ತಿಳಿಸುವ ದೊಡ್ಡ ಕೆಲಸ ಅದು. ಅದನ್ನು ಇಂಥ ಹತ್ತಾರು ಕಚೇರಿಗಳಿಗೆ ಹಂಚಿದ್ದರು. ತೀರವನ್ನು ಚದುರಂಗದ ಮಣೆಯ ಹಾಗೆ ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಅಂಕ ಹಾಕಿ, ಅಂಕದ ಮೇಲೆ ಬಣ್ಣ ತುಂಬಬೇಕು. ಹಸಿರು ಬಿದ್ದ ಚೌಕವನ್ನು ಯಾರೂ ಮುಟ್ಟುವಂತಿಲ್ಲ. ಹಳದಿ ಬಿದ್ದರೆ ಹುಷಾರಾಗಿ ಮುಟ್ಟಬಹುದು. ಬಿಳಿ ಉಳಿದರೆ ಅದು ಊರ ಹೊರಗಿನ ತಿಪ್ಪೆ, ಯಾರು ಏನಾದರೂ ಮಾಡಿಕೊಳ್ಳಬಹುದು. ಯಾರೂ ಹೋಗಿ ನೋಡಿಲ್ಲದ ಚೌಕಕ್ಕೆ ಅಂಕವಿಲ್ಲ, ಒಂದು ಅಡ್ಡಗೆರೆ. ಅಡ್ಡಗೆರೆ ಬಿದ್ದ ಚೌಕವನ್ನು ಯಾರಾದರೂ ಹೋಗಿ ನೋಡುವ ತನಕ ಯಾರಿಗೂ ಕೊಡುವಂತಿಲ್ಲ. ಇದು ನಿಯಮ, ಯಾರೋ ಬುದ್ಧಿ ಇದ್ದವರು ಮಾಡಿದ್ದು.

ಸೇತುವೆಯಾಚೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಹರಡಿಕೊಂಡಿದ್ದ ಕೆಸರು ಬಯಲಿಗೆ ಮೀನಿನವನು ಸೊನ್ನೆ ಹಾಕಿದ್ದ. ಸೊನ್ನೆ ಎಂದರೆ ಬಿಳಿ. ಹಡಗಿನ ದಾರಿಯನ್ನು ಆಳ ಮಾಡಲು ಹೊರಟಿದ್ದ ಬಂದರಿನವರು ತೋಡಿದ ಹೂಳನ್ನೆಲ್ಲ ಸುರಿಯಲು ಹತ್ತಿರದಲ್ಲೊಂದು ಬಿಳಿ ಚೌಕ ಸಿಕ್ಕೀತೇ ಎಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಬಿಳಿ ಎಂದು ನಕ್ಷೆ ಮೇಲಿನವರಿಗೆ ಹೋದರೆ ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಯಲು ಒಂದಾಳು ಎತ್ತರದ ಹೂಳಿನಡಿ ಸಮಾಧಿ.

ಮೀನಿನವನು ಕೆಸರಿಗೆ ಇಳಿದೇ ಇಲ್ಲ ಎಂದು ಜರಡಿಯಮ್ಮನಿಗೆ ಗೊತ್ತಾದದ್ದು ಸುಲಭವಾಗಿ. ಯಾವ ಚೌಕದ ಕೆಸರಾದರೂ ಕೊನೆಗೆ ಬಂದು ಬೀಳುವುದು ಕೆಳಗಿನ ಜರಡಿ ಕೋಣೆಯಲ್ಲಿ, ಅವಳ ಮೇಜಿನ ಮೇಲೆ. ಅದನ್ನು ಜರಡಿಯಲ್ಲಿ ತೊಳೆದು, ಉಳಿದ ಹುಳು ಚಿಪ್ಪುಗಳನ್ನು ಮಸೂರದಡಿ ಇಟ್ಟು, ಇದು ಇಂಥದ್ದು ಎಂದು ಹೆಸರು ಹಚ್ಚುವುದು ಅವಳ ಕೆಲಸ. ಅದಕ್ಕೇ ಆ ಅಡ್ಡಹೆಸರು. ಸೇತುವೆಯಾಚೆಯಿಂದ ಒಂದು ಹಿಡಿ ಕೆಸರೂ ಅವಳ ಮೇಜಿಗೆ ಬಂದಿರಲಿಲ್ಲ. ಇನ್ನೊಂದು, ಅವಳ ಬಾಡಿಗೆ ಮನೆ ಇದ್ದದ್ದೇ ಸೇತುವೆಯ ತಲೆಯಲ್ಲಿ. ಬಟ್ಟೆ ಒಣಹಾಕಲು ಮಹಡಿಗೆ ಹೋದರೆ ಕಡಲಿನ ಇಳಿತದ ಹೊತ್ತಿಗೆ ಆ ಬಯಲಿನ ಮೇಲೆ ಹಕ್ಕಿಗಳು ಮೋಡ ಇಳಿದ ಹಾಗೆ ಇಳಿಯುವುದು ಕಾಣುತ್ತಿತ್ತು.

"ನೀವೇ ಹೇಳಿ," ಅವಳು ಹಕ್ಕಿಯವನ ಕಡೆ ತಿರುಗಿದಳು. "ಮರಳು ದಿಬ್ಬಕ್ಕೆ ಹಸಿರು ಕೊಟ್ರಿ. ಯಾಕೆ?"

"ಅಲ್ಲಿ ಹಕ್ಕಿ ತಂಗುತ್ವೆ. ಎಣಿಸೋಕೆ ಸಿಗುತ್ವೆ, ಹಕ್ಕಿ ಅಂಕ ತಂಗೋ ಜಾಗಕ್ಕೇ ಹೋಗುತ್ತೆ."

"ಅಲ್ಲಿ ತಿನ್ನೋಕೆ ಏನಿದೆ?"

ಹಕ್ಕಿಯವನು ಉಗುರು ನೋಡಿಕೊಂಡ. "ಮರಳಲ್ಲಿ ಏನಿರುತ್ತೆ. ಏನಿಲ್ಲ."

"ತಿನ್ನೋದೆಲ್ಲಿ?"

"ಕೆಸರಲ್ಲಿ."

"ಕೇಳಿದ್ರಾ ಸರ್? ಮಲಗೋ ಮನೆಗೆ ಹಸಿರು, ಉಣ್ಣೋ ಮನೆಗೆ ಬಿಳಿ. ಹೊಟ್ಟೆಗಿಲ್ಲದೆ ಬರೀ ಹಾಸಿಗೆ ಮೇಲೆ ಎಷ್ಟು ದಿನ ಬದುಕ್ತಾವೆ?"

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಚಿಕ್ಕಂದಿನಲ್ಲೂ ಹೀಗೇ, ಜಗಳಕ್ಕೆ ಮುಂಚೆ ಕೈಲಿದ್ದದ್ದನ್ನು ಪಕ್ಕಕ್ಕಿಡುತ್ತಿದ್ದ.

"ಎಲ್ಲರೂ ಹೊರಗೆ ಹೋಗಿ ಸ್ವಲ್ಪ," ಎಂದ. ಮೀನಿನವನು ಎಲ್ಲರಿಗಿಂತ ಮೊದಲು ಹೋದ.

ಬಾಗಿಲು ಮುಚ್ಚಿದ ಮೇಲೆ ಅಣ್ಣ ನಕ್ಷೆಯ ಹತ್ತಿರ ಹೋಗಿ ದಕ್ಷಿಣದ ಮೂಲೆಯಲ್ಲಿ ಬೆರಳಿಟ್ಟ. ನೀರೊಳಗಿನ ಬಂಡೆಸಾಲು, ಅಲ್ಲಿ ಹವಳ ಇತ್ತು, ಬಣ್ಣದ ಮೀನು ಇತ್ತು, ಅಣ್ಣನ ಅರ್ಧ ಆಯಸ್ಸೂ ಇತ್ತು. "ಇದಕ್ಕೆ ಹಸಿರು ಕೊಡಿಸೋಕೆ ನಾನು ಎಷ್ಟು ವರ್ಷ ಒದ್ದಾಡಿದೀನಿ ನಿನಗೆ ಗೊತ್ತು. ಬಂದರಿನವರು ಇದರ ಮೇಲೇ ಕಣ್ಣಿಟ್ಟಿದ್ರು. ಈಗ ತಕರಾರು ಮಾಡಲ್ಲ ಅಂದಿದಾರೆ. ಅವರಿಗೆ ಹೂಳು ಹಾಕೋಕೆ ಒಂದು ಜಾಗ ಬೇಕು, ಅಷ್ಟೇ. ಒಂದು ಕೊಟ್ಟು ಒಂದು ಉಳಿಸ್ಕೊಳ್ಳೋದು. ಎರಡೂ ನನ್ನದು ಅಂದ್ರೆ ಎರಡೂ ಹೋಗುತ್ತೆ."

"ಕೊಡೋದಿದ್ರೆ ನಿನ್ನ ಬಂಡೆ ಕೊಡು. ನನ್ನ ಕೆಸರು ಯಾಕೆ ಕೊಡ್ತೀಯ?"

"ನಿನ್ನ ಕೆಸರು. ಅಪ್ಪ ನಿನಗೆ ಬರೆದುಕೊಟ್ಟಿದ್ರಾ?"

"ಅಪ್ಪ ಬರೆದುಕೊಟ್ಟಿದ್ರೂ ನೀನು ಬಿಡ್ತಿದ್ದೆಯಾ? ಚಿಕ್ಕವರಿದ್ದಾಗ ಪೇರಲೆ ಮರ ಹತ್ತೋನು ನೀನು, ಕೆಳಗೆ ಲಂಗ ಹಿಡಿದು ನಿಲ್ಲೋಳು ನಾನು, ಹಂಚೋನು ಮತ್ತೆ ನೀನು. ಕಾಯೆಲ್ಲ ನನಗೆ, ಹಣ್ಣೆಲ್ಲ ನಿನಗೆ. ಈಗಲೂ ಅದೇ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ನನ್ನದು, ಬಾಯಿ ನಿನ್ನದು."

"ಆಯ್ತು," ಎಂದ ಅಣ್ಣ. ಅವನ ದನಿ ಏರಲಿಲ್ಲ. ಏರದ ದನಿಗೆ ಅವಳು ಹೆದರಬೇಕಿತ್ತು. "ಯಾರೂ ಹೋಗಿ ನೋಡಿಲ್ಲ, ಅದು ತಾನೇ ನಿನ್ನ ತಕರಾರು?"

"ಅದೇ."

"ನಾಳೆ ಬೆಳಿಗ್ಗೆ ಇಳಿತ ಇದೆ. ನಡಿ, ನಾನೇ ಬರ್ತೀನಿ. ಇಬ್ಬರೂ ಹೋಗಿ ನೋಡೋಣ."

ಜರಡಿಯಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ಅಣ್ಣ ಕೆಸರಿಗಿಳಿಯುವುದು ಅಂದರೆ ಆನೆ ಹಗ್ಗದ ಮೇಲೆ ನಡೆದ ಹಾಗೆ. ಅವಳ ಎದೆ ಉಬ್ಬಿತು. ಒಂದು ಸಲ ಕಣ್ಣಾರೆ ನೋಡಿದರೆ ಸಾಕು, ಕಲ್ಲೂ ಕರಗುತ್ತೆ ಎಂದುಕೊಂಡಳು.

"ನೋಡಿ ಬಂದ ಮೇಲೂ ನೀನು ಅದಕ್ಕೆ ಬಿಳಿ ಬಳಿದ್ರೆ, ನಾನು ಈ ಕಚೇರಿ ಮೆಟ್ಟಿಲು ತುಳಿಯಲ್ಲ. ನಿನ್ನ ಮನೆ ಹೊಸಿಲೂ ದಾಟಲ್ಲ."

"ಮಾತು ಜಾಸ್ತಿ ಆಯ್ತು. ಬೆಳಿಗ್ಗೆ ಬಾ."

*

ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಪ್ಯಾಂಟು, ಮೊಣಕಾಲಿನ ತನಕದ ಹೊಸ ರಬ್ಬರ್ ಬೂಟು ಹಾಕಿಕೊಂಡು ಸೇತುವೆಯ ಬುಡಕ್ಕೆ ಬಂದ. ಅಲ್ಲಿ ಏಡಿ ಹಿಡಿಯುವವನಿಂದ ಜರಡಿಯಮ್ಮ ಎರಡು ಕೆಸರು ಹಲಗೆ ಕೇಳಿ ಇಟ್ಟುಕೊಂಡಿದ್ದಳು. ಒಂದು ಮಂಡಿ ಹಲಗೆಯ ಮೇಲೆ ಊರಿ, ಇನ್ನೊಂದು ಕಾಲಲ್ಲಿ ಕೆಸರನ್ನು ಹಿಂದಕ್ಕೆ ತಳ್ಳುತ್ತ ಜಾರಿಕೊಂಡು ಹೋಗುವ ಹಲಗೆ. ಅವಳಿಗೆ ಬಿಡುವಿನ ದಿನಗಳಲ್ಲಿ ಅಷ್ಟೋ ಇಷ್ಟೋ ರೂಢಿಯಾಗಿತ್ತು.

"ಬೂಟು ಬಿಚ್ಚು."

"ಹೊಸದು."

"ಹೊಸದಾದ್ರೆ ಇನ್ನೂ ಬೇಗ ಬಿಚ್ಚು. ಕೆಸರು ಬೂಟು ಇಸ್ಕೊಳ್ಳುತ್ತೆ, ವಾಪಸ್ ಕೊಡಲ್ಲ."

"ನನಗೆ ಹೇಳಿಕೊಡೋಕೆ ಬರಬೇಡ."

ಏಡಿಯವನು ಬೀಡಿ ಹಚ್ಚಿಕೊಂಡು ಸೇತುವೆಯ ಕಟ್ಟೆ ಮೇಲೆ ಆರಾಮಾಗಿ ಕೂತ. ಇಂಥ ಆಟ ದಿನಾ ಸಿಗುವುದಿಲ್ಲವಲ್ಲ.

ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಅಣ್ಣ ಹಲಗೆಯಿಂದ ಮಗುಚಿದ. ಎದ್ದು ನಿಲ್ಲಲು ಹೋಗಿ ಮೊಣಕಾಲಿಗೆ ಇಳಿದ, ಕಾಲು ಕೀಳಲು ಹೋಗಿ ತೊಡೆಗೆ ಇಳಿದ. ಜರಡಿಯಮ್ಮ ತನ್ನ ಹಲಗೆ ತಿರುಗಿಸಿ ಹತ್ತಿರ ಬಂದು ನಿಂತು ನೋಡಿದಳು.

"ಮಲಗು."

"ಏನು?"

"ಹಲಗೆ ಮೇಲೆ ಹೊಟ್ಟೆ ಊರಿ ಮಲಗು. ನಿಂತಷ್ಟೂ ಇಳೀತೀಯ."

"ಅವನು ನೋಡ್ತಿದಾನೆ ಅಲ್ಲಿಂದ."

"ಸೇತುವೆ ಮೇಲಿಂದ ನೋಡಿದ್ರೆ ಏನೂ ಕಾಣಲ್ಲ ಬಿಡು. ನಿಮ್ಮ ಮೀನಿನವನೇ ಬರೆದುಕೊಟ್ಟಿದಾನಲ್ಲ."

ಅಣ್ಣ ಹಲ್ಲು ಕಚ್ಚಿದ. ಆಮೇಲೆ ಮಲಗಿದ. ಅವಳು ಅವನ ಅಂಗಿಯ ಕಾಲರು ಹಿಡಿದು, ಕಂಕುಳಿಗೆ ಕೈ ಕೊಟ್ಟು ಎಳೆದಳು. ಒಂದು ಕಾಲು ಬೂಟಿನ ಸಮೇತ ಬಂತು, ಇನ್ನೊಂದು ಬೂಟು ಬಿಟ್ಟು ಬಂತು. ಬೂಟು ಹೋದ ತೂತು ಬಾಯಿ ಮುಚ್ಚಿಕೊಂಡು ಒಂದು ಗುಳ್ಳೆ ಬಿಟ್ಟಿತು. ಅಣ್ಣ ಆ ಜಾಗವನ್ನು ನೋಡಿದ, ತಂಗಿಯನ್ನು ನೋಡಿದ. ಅವಳು ನಗಲಿಲ್ಲ. ನಗದೇ ಇರಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು.

ಬಯಲಿನ ನಡುವೆ ಒಂದು ಸಣ್ಣ ಕಾಲುವೆಯಲ್ಲಿ ನೀರು ನಿಂತಿತ್ತು. ಅಲ್ಲಿ ಅವಳು ಮೊದಲ ಗುಂಡಿ ತೋಡಿದಳು. ಮೇಲೆ ಬೆಣ್ಣೆಯಂತಹ ಕಂದು, ಕೆಳಗೆ ಮಸಿಯಂತಹ ಕಪ್ಪು, ಕೊಳೆತ ಮೊಟ್ಟೆಯ ನಾತ. ಕೆಸರನ್ನು ಜರಡಿಗೆ ಹಾಕಿ ನೀರಲ್ಲಿ ಆಡಿಸಿದಳು. ಕೆಸರೆಲ್ಲ ಜಾರಿ ಹೋಯಿತು. ಉಳಿದದ್ದು ಜರಡಿಯ ತುಂಬ ಮಿಸುಕಾಡುತ್ತಿತ್ತು. ದಾರದಂತಹ ಕೆಂಪು ಹುಳುಗಳು ಒಂದರ ಮೇಲೊಂದು ಹೊಸೆದುಕೊಂಡಿದ್ದವು. ಉಗುರಿನಷ್ಟು ಬಿಳಿ ಚಿಪ್ಪುಗಳು, ಅಕ್ಕಿ ಕಾಳಿನಷ್ಟು ಶಂಖದ ಹುಳುಗಳು, ಅಂಗಿಯ ಗುಂಡಿಯಷ್ಟು ಏಡಿಗಳು. ತಳ ಕಾಣುತ್ತಿರಲಿಲ್ಲ.

"ಇಷ್ಟೊಂದಾ," ಎಂದ ಅಣ್ಣ.

ಆ ಒಂದು ಮಾತಿಗೆ ಅವಳು ಇಷ್ಟು ವರ್ಷ ಕಾದಿದ್ದಳೋ ಏನೋ. ಕಣ್ಣು ತುಂಬಿಬಂತು, ಬೈಯಲು ನಾಲಿಗೆ ಏಳಲಿಲ್ಲ.

ಅಣ್ಣ ಒಂದು ಚಿಪ್ಪು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ನಿಯಮದ ಪ್ರಕಾರ ಒಂದು ಚೌಕದಲ್ಲಿ ಎಷ್ಟು ಕಡೆ ಅಗೀಬೇಕು?"

"ಹನ್ನೆರಡು."

"ಹಾಗಾದ್ರೆ ಹನ್ನೆರಡೂ ಅಗೆಯೋಣ. ಆಮೇಲೆ ಯಾರೂ ಬಾಯಿ ಬಿಡಬಾರದು."

ಅಗೆದರು. ಒಂದು ಬೂಟಿನ ಅಣ್ಣ ಮಂಡಿ ಊರಿಕೊಂಡು ಸ್ವತಃ ಸಲಿಕೆ ಹಿಡಿದ, ಸ್ವತಃ ಜರಡಿ ಆಡಿಸಿದ, ಡಬ್ಬಿಗಳಿಗೆ ತಾನೇ ಚೀಟಿ ಅಂಟಿಸಿದ. ಸೊಂಟ ಹಿಡಿದಾಗ ತಂಗಿಯನ್ನೂ ಕೆಸರನ್ನೂ ಸೇರಿಸಿ ಬೈದ. ಅವಳೂ ಬಿಡಲಿಲ್ಲ. ಸಲಿಕೆ ಹಿಡಿಯುವ ರೀತಿ ನೋಡಿದ್ರೆ ಪಾಯಸ ಬಡಿಸೋಕೆ ಬಂದವನ ಹಾಗಿದೆ ಎಂದಳು. ಅವರ ಬೈಗುಳಕ್ಕೆ ಹಕ್ಕಿಗಳು ಮೊದಮೊದಲು ಹಾರಿದವು, ಆಮೇಲೆ ಇದು ಇವರ ಮನೆಯ ಮಾತು ಎಂದು ತಿಳಿದವರ ಹಾಗೆ ಹತ್ತಿರವೇ ಇಳಿದು ಕೊಕ್ಕು ಚುಚ್ಚತೊಡಗಿದವು. ಉದ್ದ ಕಾಲಿನದೊಂದು ಅಣ್ಣ ತೋಡಿಟ್ಟ ಕೆಸರಿನ ಗುಡ್ಡೆಗೇ ಬಾಯಿ ಹಾಕಿ ಹುಳು ಎಳೆದುಕೊಂಡು ಹೋಯಿತು.

"ಕಳ್ಳ," ಎಂದ ಅಣ್ಣ. ಅವನ ಮೀಸೆಯ ಕೆಳಗೆ ನಗು ಬಂದು ಹೋದದ್ದನ್ನು ಅವಳು ನೋಡಿದಳು.

*

"ಅಣ್ಣ ತಂಗಿ ಇಬ್ಬರೂ ಹೊಂಡದಿಂದ ಎದ್ದ ಎಮ್ಮೆಗಳ ಹಾಗೆ ಬಂದಿದೀರಿ. ಹೊಸಿಲು ತುಳಿದ್ರೆ ಪೊರಕೆ ತಗೋತೀನಿ," ಎಂದಳು ಅತ್ತಿಗೆ. ಹಿತ್ತಿಲ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಮೊದಲು ಗಂಡನ ಮೇಲೆ, ಆಮೇಲೆ ನಾದಿನಿಯ ಮೇಲೆ ನೀರು ಬಿಟ್ಟಳು. "ಮದುವೆ ಆದಾಗಿನಿಂದ ನಿಮ್ಮಣ್ಣನ್ನ ಇಷ್ಟು ಗಲೀಜಾಗಿ ನೋಡಿಲ್ಲ. ಹೊರಗಡೆ ಅಂತೂ ನೋಡಿಲ್ಲ, ಒಳಗಿನದು ನಾನು ಹೇಳಲ್ಲ."

"ಹೇಳು, ಹೇಳು. ಅವಳಿಗೂ ಅದೇ ಬೇಕು," ಎಂದು ಅಣ್ಣ ಒಂಟಿ ಬೂಟು ಕಿತ್ತು ಗೋಡೆಗೆ ಎಸೆದು ಸ್ನಾನಕ್ಕೆ ಹೋದ.

ಅತ್ತಿಗೆ ಒಣ ಟವೆಲು ಕೊಟ್ಟು ನಾದಿನಿಯ ಪಕ್ಕ ಕಟ್ಟೆಯ ಮೇಲೆ ಕೂತಳು. "ಏನಂತೆ? ಸೋತನಾ?"

"ಸೋತ ಅತ್ತಿಗೆ. ಹನ್ನೆರಡು ಕಡೆ ತಾನೇ ಅಗೆದ. ಇಷ್ಟೊಂದಾ ಅಂದ. ನನ್ನ ಕಿವಿಯಾರೆ ಕೇಳಿದೆ."

"ತಾನೇ ಅಗೆದನಾ?" ಅತ್ತಿಗೆ ಪೈಪಿನ ಬಾಯಿ ಮಡಚಿ ನೀರು ನಿಲ್ಲಿಸಿದಳು. "ನೋಡು, ನಾನು ಇಷ್ಟು ವರ್ಷ ಒಲೆ ಹಚ್ಚಿದೀನಿ ಈ ಮನೇಲಿ. ನಿಮ್ಮಣ್ಣ ಲಾಭ ಇಲ್ಲದೆ ತನ್ನ ತಟ್ಟೆ ತಾನೂ ಎತ್ತಿದವನಲ್ಲ. ಹುಷಾರು."

"ನೀವು ಎಲ್ಲದರಲ್ಲೂ ಕಲ್ಲು ಹುಡುಕ್ತೀರಿ ಅತ್ತಿಗೆ."

"ಹುಡುಕಲ್ಲಮ್ಮ. ಹಲ್ಲಿಗೆ ಸಿಗುತ್ತೆ."

ಜರಡಿಯಮ್ಮ ನಕ್ಕುಬಿಟ್ಟಳು. ಅವತ್ತು ಅವಳಿಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಹಾಗೆ ಸಿಟ್ಟು ಬಾರದ ದಿನವೇ ಮನುಷ್ಯ ಜೇಬು ನೋಡಿಕೊಳ್ಳುವುದನ್ನು ಮರೆಯುವುದು.

*

ಜರಡಿ ಕೋಣೆಯಲ್ಲಿ ಅವಳು ಎರಡು ದಿನ ತಲೆ ಎತ್ತಲಿಲ್ಲ. ಒಂದೊಂದು ಡಬ್ಬಿ ಬಿಚ್ಚಿ, ಬಿಳಿ ತಟ್ಟೆಯಲ್ಲಿ ಸುರುವಿ, ಚಿಮಟದಲ್ಲಿ ಬೇರೆ ಬೇರೆ ಮಾಡಿ, ಮಸೂರದಡಿ ಇಟ್ಟಳು. ಕೆಂಪು ಹುಳು ಎಲ್ಲ ಕಡೆ ಸಿಗುವ ಹುಳು. ಚಿಪ್ಪು ಎಲ್ಲ ಕಡೆ ಸಿಗುವ ಚಿಪ್ಪು. ಶಂಖದ ಹುಳು, ಏಡಿ, ಅವೂ ಅಷ್ಟೇ. ಹನ್ನೆರಡು ಡಬ್ಬಿಯಲ್ಲೂ ಅವೇ ನಾಲ್ಕು. ಆದರೆ ಎಷ್ಟು. ಬೇರೆ ಯಾವ ಚೌಕದ ಕೆಸರಲ್ಲೂ ಅವಳು ಇಷ್ಟು ಕಂಡಿರಲಿಲ್ಲ. ತಟ್ಟೆಗಳು ಮುಗಿದು ಊಟದ ಡಬ್ಬಿಯ ಮುಚ್ಚಳವನ್ನೂ ಬಳಸಿದಳು. ಹೆಸರುಗಳ ಚೀಟಿಯನ್ನು ಮುಂಚೆಯೇ ಮೇಲಿನ ಕೋಣೆಗೆ ಕಳಿಸಿದಳು. ಅಂಕ ಹಾಕುವ ನಿಯಮ ಅವಳಿಗೆ ಬಾಯಿಪಾಠ ಇತ್ತು. ಆದರೆ ಅಣ್ಣನ "ಇಷ್ಟೊಂದಾ" ಕಿವಿಯಲ್ಲಿ ತುಂಬಿದ್ದರಿಂದ ಬೇರೇನೂ ಒಳಗಿಳಿಯಲಿಲ್ಲ.

ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಅವಳು ಮೇಲಿನ ಕೋಣೆಗೆ ಬಂದಾಗ ಎಲ್ಲರೂ ಕೂತಿದ್ದರು. ಗೋಡೆಗೆ ಹೊಸ ನಕ್ಷೆ ಬಂದಿತ್ತು. ದಕ್ಷಿಣದ ಮೂಲೆಯ ಬಂಡೆಸಾಲು ಗಿಳಿಹಸಿರು. ಸೇತುವೆಯಾಚೆಯ ಚೌಕದೊಳಗೆ ಸೊನ್ನೆ ಇರಲಿಲ್ಲ. ನಾಲ್ಕು ಎಂದಿತ್ತು. ಚೌಕ ಮಾತ್ರ ಬಿಳಿ.

"ಬಣ್ಣ ತುಂಬೋದು ಮರೆತುಹೋಗಿದೆ," ಎಂದಳು ನಕ್ಷೆಯವಳಿಗೆ.

ನಕ್ಷೆಯವಳು ಅಣ್ಣನ ಕಡೆ ನೋಡಿದಳು.

"ಮರೆತಿಲ್ಲ," ಎಂದ ಅಣ್ಣ. "ನಾಲ್ಕು ಜಾತಿ. ನಾಲ್ಕೂ ಎಲ್ಲ ಕಡೆ ಸಿಗೋವು. ಹಳದಿಗೇ ಹತ್ತು ಬೇಕು. ಅಪರೂಪದ್ದು ಒಂದಿದ್ರೂ ಏನಾದರೂ ಮಾಡಬಹುದಿತ್ತು."

"ಒಂದೊಂದು ಗುಂಡೀಲೂ ಸಾವಿರಗಟ್ಟಲೆ ಇದೆ ಸರ್. ನೀವೇ ನೋಡಿದ್ರಿ."

"ಎಷ್ಟಿದೆ ಅನ್ನೋದಕ್ಕೆ ಅಂಕ ಇಲ್ಲ. ಎಷ್ಟು ಜಾತಿ ಅನ್ನೋದಕ್ಕೆ ಇದೆ. ನನಗಿಂತ ಚೆನ್ನಾಗಿ ನಿನಗೆ ಗೊತ್ತು."

"ಅನ್ನದ ರಾಶಿ ಮುಂದೆ ನಿಂತ್ಕೊಂಡು, ಒಂದೇ ಜಾತಿ ಅಕ್ಕಿ ಇದು, ಹಾಗಾಗಿ ಊಟ ಇಲ್ಲ ಅಂದ ಹಾಗಾಯ್ತು."

"ಆ ನಿಯಮ ನಾನು ಮಾಡಿದ್ದಲ್ಲ."

"ಸರಿ. ಬಿಳಿ ಬೇಡ, ಹಳದಿ ಬೇಡ. ಅಡ್ಡಗೆರೆ ಹಾಕಿ. ನಾನು ಮೊದಲಿಂದ ಕೇಳಿದ್ದೂ ಅದೇ."

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅಡ್ಡಗೆರೆ ಅಂದ್ರೆ ಯಾರೂ ನೋಡಿಲ್ಲ ಅಂತ. ಈಗ ಹಾಗೆ ಹೇಗೆ ಬರೆಯಲಿ? ನೀನೂ ಹೋಗಿದ್ದೆ, ನಾನೂ ಹೋಗಿದ್ದೆ. ಹನ್ನೆರಡು ಕಡೆ ಅಗೆದಿದೀವಿ."

ಜರಡಿಯಮ್ಮ ತಟ್ಟೆಗಳನ್ನು ಮೇಜಿನ ಮೇಲಿಟ್ಟಳು. ಮೇಲಿನ ತಟ್ಟೆ ಜಾರಿ ಒಂದಷ್ಟು ಹುಳು ಅಣ್ಣನ ಕಾಗದಗಳ ಮೇಲೆ ಚೆಲ್ಲಿತು. ಯಾರೂ ಒರೆಸಲಿಲ್ಲ.

ಸೇತುವೆ ಮೇಲಿಂದ ಹಾಕಿದ ಸೊನ್ನೆ ಗಾಳಿಗೆ ಬೀಳುವ ಸೊನ್ನೆಯಾಗಿತ್ತು. ಯಾರಾದರೂ ಒಂದು ಅರ್ಜಿ ಹಾಕಿ ಕೇಳಿದ್ದರೆ ಸಾಕಿತ್ತು, ಮೀನಿನವನು ಚಹಾ ಅಂಗಡಿಯ ಸಮೇತ ಸಿಕ್ಕಿಬೀಳುತ್ತಿದ್ದ. ಚೌಕಕ್ಕೆ ಅಡ್ಡಗೆರೆ ಬಿದ್ದು, ಬಂದರಿನವರು ಬಾಯಿ ಬಿಟ್ಟುಕೊಂಡೇ ಇರುತ್ತಿದ್ದರು. ಈಗ ಅಲ್ಲಿ ನಾಲ್ಕು ಇತ್ತು, ನಿಯಮದ ಪ್ರಕಾರ ತೋಡಿದ ಹನ್ನೆರಡು ಗುಂಡಿಗಳ ಮೇಲೆ ನಿಂತ ನಾಲ್ಕು. ಅದನ್ನು ಕದಲಿಸುವವರು ಯಾರೂ ಇರಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅವಳು ತೋಡಿದ್ದಷ್ಟೇ ಅಲ್ಲ, ಹಲಗೆ ಕೂಡ ತಾನೇ ಕೇಳಿ ತಂದಿದ್ದಳು.

"ಅಣ್ಣ," ಎಂದಳು. ದನಿ ಏರಲಿಲ್ಲ. "ನೀನು ಅವತ್ತು ಬಂದಿದ್ದು ನೋಡೋದಕ್ಕಲ್ಲ. ನೋಡಿದೀವಿ ಅಂತ ಬರೆಯೋದಕ್ಕೆ."

"ಎರಡಕ್ಕೂ," ಎಂದ.

"ಇಷ್ಟೊಂದಾ ಅಂದೆಯಲ್ಲ. ಅದೂ ಆಟಾನಾ?"

"ಅಲ್ಲ. ಅದು ನಿಜ." ಅವನು ಕಾಗದದ ಮೇಲೆ ಚೆಲ್ಲಿದ ಹುಳುಗಳನ್ನು ನೋಡುತ್ತಿದ್ದ. "ನಿಜ ಅಂತ ಬಂಡೆಸಾಲು ಬಿಟ್ಟುಕೊಡೋಕಾಗುತ್ತಾ? ಬೈಯೋದಿದ್ರೆ ಬೈ. ಎಲ್ಲರ ಮುಂದೇನೇ ಬೈ. ಆದ್ರೆ ಇದಕ್ಕೆ ನಿನ್ನ ಸಹಿ ಬೇಕು. ನಾಲ್ಕು ಜಾತಿ ಅಂತ ಜರಡಿ ಕೋಣೆ ಒಪ್ಪಿದೆ ಅಂತ."

ಮೀನಿನವನಿಗೆ ಇಲ್ಲಿಯ ತನಕ ಸುಮ್ಮನೆ ಕೂತದ್ದೇ ದೊಡ್ಡ ಸಂಗತಿಯಾಗಿತ್ತು. "ಮೇಡಂ, ನಾನೊಂದು ಮಾತು ಹೇಳಲಾ? ಇನ್ನೊಂದಾರು ಹೆಸರು ಸೇರಿಸಿಬಿಡಿ. ಹುಳು ತಾನೇ. ನಿಮ್ಮನ್ನ ಬಿಟ್ಟರೆ ಈ ಕಚೇರೀಲಿ ಯಾರಿಗೆ ಗೊತ್ತಾಗುತ್ತೆ? ಹಳದಿ ಆಗುತ್ತೆ, ಎಲ್ಲರೂ ಮನೆಗೆ ಹೋಗಬಹುದು."

ಹಕ್ಕಿಯವನು ಈ ಸಲ ನಗಲಿಲ್ಲ. ನಕ್ಷೆಯವಳು ಕಂಪ್ಯೂಟರಿನ ಹಿಂದಿನಿಂದ ತಲೆ ಎತ್ತಿದಳು. ಅವಳ ಬೆರಳು ಕೀಲಿಮಣೆಯ ಮೇಲೇ ಇತ್ತು, ಹೇಳಿ ಹಾಕ್ತೀನಿ ಎನ್ನುವ ಹಾಗೆ. ಅಣ್ಣ ಕೂಡ ತಂಗಿಯನ್ನೇ ನೋಡಿದ. ಬೇಡ ಎನ್ನಲಿಲ್ಲ. ಜರಡಿಯಮ್ಮ ಆರು ಹೆಸರು ಬರೆದರೆ ಅದನ್ನು ಸುಳ್ಳೆನ್ನುವವರು ಇಡೀ ಕರಾವಳಿಯಲ್ಲಿ ಇರಲಿಲ್ಲ. ಆ ಬಯಲು ಉಳಿಯುತ್ತಿತ್ತು. ಹಕ್ಕಿಗಳು ಇಳಿಯುತ್ತಿದ್ದವು. ಅವಳು ಮಹಡಿಯಿಂದ ನೋಡುತ್ತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು.

ಅವಳು ಮೀನಿನವನ ಮುಂದೆ ಹೋಗಿ ನಿಂತಳು. ಅವನು ಅಭ್ಯಾಸಬಲದಿಂದ ಕುರ್ಚಿ ಹಿಂದೆ ಸರಿಸಿದ.

"ನೀನು ಇದ್ದದ್ದನ್ನ ಇಲ್ಲ ಅಂದೆ. ಈಗ ನಾನು ಇಲ್ಲದ್ದನ್ನ ಇದೆ ಅನ್ನಬೇಕಾ? ಆಮೇಲೆ ನಾವಿಬ್ಬರೂ ಜೊತೇಲಿ ಸೇತುವೆ ಮೇಲೆ ನಿಂತು ಚಹಾ ಕುಡಿಯೋಣ, ಅಲ್ಲವಾ? ಥೂ."

ಅಣ್ಣನ ಮುಂದಿದ್ದ ಕಾಗದವನ್ನು ಎಳೆದುಕೊಂಡಳು. ಅದರ ಮೇಲಿದ್ದ ಹುಳುವನ್ನು ಬೆರಳ ತುದಿಯಿಂದ ಎತ್ತಿ ತಟ್ಟೆಗೆ ಹಾಕಿದಳು. ನಾಲ್ಕು ಹೆಸರನ್ನೂ ಮೇಲಿಂದ ಕೆಳಗೆ ಓದಿದಳು. ಒಂದರಲ್ಲಿ ಅಕ್ಷರ ತಪ್ಪಿತ್ತು, ತಿದ್ದಿದಳು. ಸಹಿ ಹಾಕಿದಳು. ಪೆನ್ನು ಮುಚ್ಚಿ ಅಣ್ಣನ ಕನ್ನಡಕದ ಪಕ್ಕ ಇಟ್ಟಳು.

"ತಗೊಳ್ಳಿ ಸರ್."

ಅಣ್ಣ ಆ ಸರ್ ಕೇಳಿ ತಲೆ ಎತ್ತಿದ. ಇಷ್ಟು ವರ್ಷದಲ್ಲಿ ಸಿಟ್ಟು ಏರಿದಾಗ ಅವಳ ಬಾಯಲ್ಲಿ ಸರ್ ಹೋಗಿ ಅಣ್ಣ ಬರುತ್ತಿತ್ತು. ಅಣ್ಣ ಹೋಗಿ ಸರ್ ಬಂದದ್ದು ಇದೇ ಮೊದಲು.

"ಕೂತ್ಕೋ," ಎಂದ. "ಮಾತು ಮುಗಿದಿಲ್ಲ. ಮುಂದಿನ ಸಲ ನಿಯಮ ಬದಲಾಯಿಸೋಕೆ ನಾನೇ ಬರೀತೀನಿ ಮೇಲಕ್ಕೆ. ಎಷ್ಟಿದೆ ಅನ್ನೋದಕ್ಕೂ ಅಂಕ ಕೊಡಿ ಅಂತ. ನೀನೇ ಬರೆದುಕೊಡು, ನಾನು ಕಳಿಸ್ತೀನಿ."

"ಮುಂದಿನ ಸಲ ಅಲ್ಲಿ ಹೂಳು ಇರುತ್ತೆ ಸರ್. ಅದಕ್ಕೆ ನಾಲ್ಕೂ ಬೀಳಲ್ಲ."

"ಅದೇನು ಸರ್ ಸರ್ ಅಂತೀಯ? ಸಂಜೆ ಮನೆಗೆ ಬಾ. ಅತ್ತಿಗೆ ಕೇಳ್ತಿದ್ಲು."

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಜರಡಿ ಕೋಣೆಯ ಬೀಗದ ಕೈ ತೆಗೆದು ನಕ್ಷೆಯವಳ ಕೈಗೆ ಕೊಟ್ಟಳು. "ಕೆಳಗೆ ನಲ್ಲಿ ಸೋರುತ್ತೆ. ತಿರುಪಿನ ಮೇಲೆ ಬಟ್ಟೆ ಸುತ್ತಿದೀನಿ, ಬಿಚ್ಚಬೇಡ," ಎಂದಳು. ನಕ್ಷೆಯವಳು ತಲೆ ಆಡಿಸಿದಳು, ಅಳು ಬರುವ ಮುಖ ಮಾಡಿಕೊಂಡು.

ಮೆಟ್ಟಿಲ ಬುಡದಲ್ಲಿ ಗೋಡೆಗೆ ಅವಳ ಸ್ವಂತದ ಜರಡಿ ಒರಗಿತ್ತು, ಅವತ್ತು ಕೆಸರಿಗೆ ಒಯ್ದದ್ದು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಮೇಲಿನ ಕಿಟಕಿ ತೆರೆದ ಸದ್ದಾಯಿತು. ಅಣ್ಣ ಅವಳನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಕೂಗಿದ, ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಬೀದಿಯ ಜನ ತಿರುಗಿ ನೋಡುವಷ್ಟು ಜೋರಾಗಿ. ಅವಳು ಗೇಟು ದಾಟಿ ಸೇತುವೆಯ ಕಡೆಗೆ ನಡೆದಳು. ಜರಡಿಗೆ ಅಂಟಿ ಒಣಗಿದ್ದ ಕೆಸರು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಉದುರುತ್ತಿತ್ತು.

ಆಮೇಲೆ ಅವಳು ಆ ಮೆಟ್ಟಿಲು ಹತ್ತಲಿಲ್ಲ, ಆ ಹೊಸಿಲೂ ದಾಟಲಿಲ್ಲ. ಅತ್ತಿಗೆ ಎರಡು ಸಲ ಹೋಗಿ ಕರೆದಳು. ಎರಡು ಸಲವೂ ಚಹಾ ಕುಡಿದು ಒಬ್ಬಳೇ ವಾಪಸು ಬಂದಳು.